ಕೊಲೆಗಾರ ಸಿಕ್ಕ ಮೇಲೂ ಓದಿಸುವ ಸರಣಿ

ಐತಿಹಾಸಿಕ ಪತ್ತೇದಾರಿ ಸರಣಿಯನ್ನು ಕೈಗೆತ್ತಿಕೊಳ್ಳುವವರಿಗೊಂದು ಕಿವಿಮಾತು: ನಡುವಿನ ಪುಸ್ತಕದಿಂದ ಶುರು ಮಾಡಬೇಡಿ. ಕೊಲೆಯ ಒಗಟು ಆಯಾ ಪುಸ್ತಕದಲ್ಲೇ ಬಿಡಿಸಿಕೊಳ್ಳುತ್ತದೆ, ನಿಜ. ಆದರೆ ಮುಂದಿನದಕ್ಕೆ ನಮ್ಮನ್ನು ಎಳೆದೊಯ್ಯುವುದು ಒಗಟಲ್ಲ, ಮನುಷ್ಯ. ಎಲಿಸ್ ಪೀಟರ್ಸ್ 1977ರಿಂದ 1994ರವರೆಗೆ ಪ್ರಕಟಿಸಿದ ಬ್ರದರ್ ಕ್ಯಾಡ್‌ಫೇಲ್ ಕಾದಂಬರಿಗಳನ್ನೇ ನೋಡಿ. 12ನೆಯ ಶತಮಾನದ ಇಂಗ್ಲೆಂಡಿನ ಶ್ರೂಸ್‌ಬರಿ ಮಠದಲ್ಲಿ ಗಿಡಮೂಲಿಕೆ ಬೆಳೆಯುವ ಈ ಸನ್ಯಾಸಿ ಹಿಂದೆ ಧರ್ಮಯುದ್ಧದಲ್ಲಿ ಕಾದಾಡಿದವನು. ಎರಡನೆಯ ಕಾದಂಬರಿಯಲ್ಲಿ ಅನುಮಾನಕ್ಕೆ ಗುರಿಯಾಗುವ ಹ್ಯೂ ಬೆರಿಂಗರ್ ಮುಂದೆ ಅವನ ಆಪ್ತಮಿತ್ರನಾಗುತ್ತಾನೆ. ಆರನೆಯದರಲ್ಲಿ ತನಗೊಬ್ಬ ಮಗನಿರುವುದು ಕ್ಯಾಡ್‌ಫೇಲ್‌ಗೆ ತಿಳಿಯುತ್ತದೆ. 20ನೆಯ, ಕೊನೆಯ ಕಾದಂಬರಿಯಲ್ಲಿ ಆ ಮಗನಿಗಾಗಿ ಮಠದ ಅಪ್ಪಣೆಯನ್ನೇ ಮೀರುತ್ತಾನೆ. ಹಿಂದಿನವನ್ನು ಓದದವರಿಗೆ ಆ ನಿರ್ಧಾರದ ಭಾರ ತಿಳಿಯದು.

ಸರಣಿಯೆಂದರೆ ಒಂದೇ ಅಚ್ಚು, ಇತಿಹಾಸ ಬರೀ ವೇಷಭೂಷಣ ಎಂಬ ಆಕ್ಷೇಪವಿದೆ. ಅಚ್ಚು ಒಂದೇ ಎಂಬುದನ್ನು ಒಪ್ಪೋಣ. ಅದು ಬದಲಾಗದಿರುವುದರಿಂದಲೇ ಅದರೊಳಗಿನ ಮನುಷ್ಯ ಬದಲಾಗುವುದು ಕಣ್ಣಿಗೆ ಬೀಳುತ್ತದೆ. ಇತಿಹಾಸದ ಮಾತಿಗೆ ಎರಡನೆಯ ಕಾದಂಬರಿಯೇ ಉತ್ತರ. 1138ರ ಯುದ್ಧದಲ್ಲಿ ದೊರೆ ಸ್ಟೀಫನ್ ತನ್ನ ವಿರುದ್ಧ ಶ್ರೂಸ್‌ಬರಿ ಕೋಟೆ ಕಾದವರನ್ನು ನಿಜಕ್ಕೂ ಗಲ್ಲಿಗೇರಿಸಿದ್ದ. ಕಥೆಯಲ್ಲಿ 94 ಹೆಣಗಳಿರಬೇಕಾದಲ್ಲಿ ಕ್ಯಾಡ್‌ಫೇಲ್ 95 ಎಣಿಸುತ್ತಾನೆ. ಆ ಯುದ್ಧವನ್ನು ತೆಗೆದುಬಿಟ್ಟರೆ ಕೊಲೆಯನ್ನು ಬಚ್ಚಿಡಲು ಜಾಗವೇ ಇಲ್ಲ. ಆದ್ದರಿಂದ ಮೊದಲಿನಿಂದ, ಕ್ರಮವಾಗಿ ಓದಿ. ಮೊದಲನೆಯದು ಹಿಡಿಸದಿದ್ದರೂ ಎರಡನೆಯದನ್ನು ಮುಗಿಸಿ ತೀರ್ಮಾನಿಸಿ.