ಖೇಣಿಮನೆಗೆ ಹೋಗುವ ಮಕ್ಕಳಿಗೆ

ಅಡಿಕೆ ಸುಗ್ಗಿ ಶುರುವಾಯಿತೆಂದರೆ ನಮ್ಮ ಚನ್ನಗಿರಿ ಸೀಮೆಯಲ್ಲಿ ಕೆಲಸಕ್ಕೆ ಬರವಿಲ್ಲ. ಜಗಳೂರು ಕಡೆಯಿಂದ, ಹೊನ್ನಾಳಿ, ನ್ಯಾಮತಿ ಕಡೆಯಿಂದ ಬರುವ ಮಕ್ಕಳೇ, ಕೂಲಿ ಎಷ್ಟು ಅಂತ, ತೋಟದ ಫಸಲು ಗುತ್ತಿಗೆ ಹಿಡಿದ ಖೇಣಿದಾರರ ಹತ್ತಿರ ಚೌಕಾಸಿ ಮಾಡುತ್ತೀರಿ, ಮಾಡಲೇಬೇಕು. ಆದರೆ ಸುಲಿಯುವ ಯಂತ್ರಕ್ಕೆ ಕೈ ಸಿಕ್ಕರೆ ಯಾರು ಹೊಣೆ ಅಂತ ಒಬ್ಬರೂ ಕೇಳುವುದಿಲ್ಲ. ಅದನ್ನು ಹೇಳಲಿಕ್ಕೇ ಈ ನಾಲ್ಕು ಮಾತು.

ಹಸಿ ಸಿಪ್ಪೆ ಸಿಕ್ಕಿಕೊಂಡು ಯಂತ್ರ ನಿಲ್ಲುತ್ತದೆ. ಹುಡುಗ ಮೋಟರ್ ಆಫ್ ಮಾಡದೆ ಬೆರಳು ಹಾಕಿ ಎಳೆಯುತ್ತಾನೆ. ಆಮೇಲೆ ಟವೆಲ್ ಸುತ್ತಿಕೊಂಡು ಆಸ್ಪತ್ರೆಗೆ ಓಟ. ದಾರಿಯಲ್ಲೇ ಯಾರಾದರೂ ಕಿವಿಯಲ್ಲಿ ಊದುತ್ತಾರೆ: "ಬೈಕಿಂದ ಬಿದ್ದೆ ಅಂತ ಬರೆಸಪ್ಪ, ಖರ್ಚೆಲ್ಲ ಸಾಹುಕಾರ್ರು ನೋಡ್ಕೋತಾರೆ." ದಯವಿಟ್ಟು ಆ ಮಾತು ಕೇಳಬೇಡಿ. ಡಾಕ್ಟರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಹಾಗೇ ಬರೆಸಿ. ಮೊದಲ ಚೀಟಿಯಲ್ಲಿ ಬೈಕ್ ಅಂತ ಬಿದ್ದರೆ, ನಾಳೆ ಯಂತ್ರದ ಹೆಸರೆತ್ತಿದಾಗ ನಿಮ್ಮನ್ನೇ ಸುಳ್ಳುಗಾರ ಅನ್ನುತ್ತಾರೆ.

ಕೆಲಸದಲ್ಲಿ ಗಾಯವಾದರೆ ಯಜಮಾನ ಪರಿಹಾರ ಕೊಡಬೇಕು ಅಂತ 1923ರಿಂದಲೇ ಕಾಯ್ದೆ ಇತ್ತು. ಈಗ ಅದೇ ಹಕ್ಕು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಯಂತ್ರ, ಟ್ರ್ಯಾಕ್ಟರ್ ಬಳಸಿ ಮಾಡುವ ಬೇಸಾಯದ ಕೂಲಿಗಳೂ ಇದರಡಿ ಬರುತ್ತಾರೆ. ಲೆಕ್ಕ ಕೇಳಿ. 25 ವರ್ಷದವನು, ತಿಂಗಳಿಗೆ 15,000 ರೂಪಾಯಿ ಕೂಲಿ, ಹೆಬ್ಬೆರಳು ಹೋಯಿತು ಅಂದುಕೊಳ್ಳಿ. ಕಾನೂನಿನ ಪಟ್ಟಿಯಲ್ಲಿ ಹೆಬ್ಬೆರಳಿಗೆ ಶೇ. 30 ಇದೆ. ಆ ಪ್ರಕಾರ ಬರಬೇಕಾದದ್ದು 5,85,657 ರೂಪಾಯಿ. ಅದೇ ಹುಡುಗ ಜೀವ ಕಳೆದುಕೊಂಡರೆ ಮನೆಯವರಿಗೆ 16,26,825. ಪಂಚಾಯ್ತಿ ಕಟ್ಟೆಯ ರಾಜಿಯಲ್ಲಿ ಹತ್ತಿಪ್ಪತ್ತು ಸಾವಿರ ಕೈಗಿಟ್ಟು ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ಈ ಅಂಕಿ ನಿಮ್ಮ ತಲೆಯಲ್ಲಿರಲಿ. ಹಕ್ಕು ಬಿಟ್ಟುಕೊಟ್ಟೆ ಅಂತ ಬರೆದುಕೊಟ್ಟ ಕಾಗದಕ್ಕೆ ಕಾನೂನಿನಲ್ಲಿ ಕಿಮ್ಮತ್ತಿಲ್ಲ. ಹಾಗಾಗಿ ಸಹಿ ಹಾಕಿಬಿಟ್ಟವರೂ ಕೈಚೆಲ್ಲಿ ಕೂರಬೇಕಿಲ್ಲ.

"ಕರ್ಕೊಂಡು ಬಂದ ಮೇಸ್ತ್ರಿನ ಕೇಳು" ಅಂದರೂ ಹೆದರಬೇಡಿ. ಗುತ್ತಿಗೆಯವನು ಕರೆತಂದ ಕೂಲಿಯಾಳಿನ ಗಾಯಕ್ಕೆ, ಕೆಲಸ ಮಾಡಿಸಿದ ಯಜಮಾನನೂ ಬಾಧ್ಯ.

ನಿಮಗೂ ಒಂದು ಕಟ್ಟುನಿಟ್ಟಿನ ಮಾತು. ಕುಡಿದು ಯಂತ್ರದ ಹತ್ತಿರ ಹೋಗಬೇಡಿ, ಗಾರ್ಡ್ ಬಿಚ್ಚಬೇಡಿ. ಸಾವಾದರೆ, ಇಲ್ಲವೇ ಜನ್ಮಪೂರ್ತಿ ದುಡಿಯಲಾಗದ ಹಾಗಾದರೆ "ತಪ್ಪು ಅವನದೇ" ಅನ್ನುವ ನೆಪ ನಡೆಯುವುದಿಲ್ಲ. ಬೆರಳು ಹೋದದ್ದಕ್ಕೆ ಮಾತ್ರ ಅದೇ ಕಾರಣಕ್ಕೆ ಪರಿಹಾರ ಕೈತಪ್ಪಬಹುದು.

ಪರಿಹಾರ ಕೇಳುವಾಗ ಕೂಲಿ ಎಷ್ಟು ಅಂತ ತೋರಿಸಲು ಪುರಾವೆ ಬೇಕು. ಕೂಲಿ ಫೋನ್‌ಪೇಯಲ್ಲಿ ಬಂದರೆ ಆ ಮೆಸೇಜು ಅಳಿಸಬೇಡಿ. ಕೈಗೇ ಕೊಟ್ಟರೆ ದಿನ, ಜಾಗ, ಹಣ ಒಂದು ಪುಸ್ತಕದಲ್ಲಿ ಬರೆದಿಡಿ. ಹೆಣ್ಣುಮಕ್ಕಳೇ, ಲೆಕ್ಕ ಗಂಡನ ಹೆಸರಲ್ಲಿ ಸೇರಿಹೋಗದಂತೆ ನಿಮ್ಮ ಹೆಸರಲ್ಲೇ ಬರೆಸಿ. ಪರಿಹಾರ ಕೇಳಲು ಎರಡು ವರ್ಷದ ಗಡುವಿದೆ. ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ಮನಾಗಬೇಡಿ, ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ವಕೀಲರನ್ನು ಪುಕ್ಕಟೆ ಕೊಡುತ್ತಾರೆ. ಆಸ್ಪತ್ರೆ ಚೀಟಿ, ಆಧಾರ್, ಕೂಲಿಯ ಪುಸ್ತಕ ಹಿಡಿದುಕೊಂಡು ಹೋಗಿ.