ಹಮಾಲನಿಲ್ಲದೆ ಮಾಲು ಸಾಗದು: ಮೆಣಸಿನ ಎಲೆಚುಕ್ಕೆ ರೋಗ ಕಲಿಸಿದ ಪಾಠ

ಕಳೆದ ಮಳೆಗಾಲದಲ್ಲಿ ನಮ್ಮ ಹೊಲದ ಮೆಣಸಿನ ಎಲೆಗಳ ಮೇಲೆ ನೀರು ತುಂಬಿದಂತಹ ಸಣ್ಣ ಚುಕ್ಕೆಗಳು ಕಾಣಿಸಿದವು. ಕೆಲವೇ ದಿನಗಳಲ್ಲಿ ಅವು ಕಂದಾದವು, ಎಲೆಗಳು ಉದುರಿದವು. ಅಬ್ಬಾ ಎರಡು ಸಲ ಹುಳದ ಔಷಧಿ ಹೊಡೆದರು. ದುಡ್ಡು ಹೋಯಿತು, ರೋಗ ಹೋಗಲಿಲ್ಲ. ಇದು ಹುಳದ ಕಾಟವಲ್ಲ, ಬ್ಯಾಕ್ಟೀರಿಯಾ ರೋಗ ಎಂದು ನಮಗೆ ತಡವಾಗಿ ತಿಳಿಯಿತು. ಸಂಕೇಶ್ವರದ ಹೆಸರನ್ನೇ ಹೊತ್ತ ಮೆಣಸಿನಕಾಯಿ ಇರುವ ನಮ್ಮ ತಾಲ್ಲೂಕಿನಲ್ಲಿ ಇದು ಎಲ್ಲರಿಗೂ ಗೊತ್ತಿರಬೇಕು ಎಂದು ಓದಿದ್ದನ್ನು ಬರೆಯುತ್ತಿದ್ದೇನೆ.

ಈ ಬ್ಯಾಕ್ಟೀರಿಯಾದ ಹೆಸರು ಕ್ಸಾಂಥೊಮೊನಾಸ್. ಪತ್ರರಂಧ್ರ ಅಥವಾ ಗಾಯದ ಮೂಲಕ ಅದು ಎಲೆಯೊಳಗೆ ಬರುತ್ತದೆ. ಆದರೆ ಜೀವಕೋಶದೊಳಗೆ ನುಗ್ಗದೆ, ಕೋಶಗಳ ನಡುವಿನ ಸಂದಿಯಲ್ಲೇ ಉಳಿಯುತ್ತದೆ. ಅಲ್ಲಿಂದ ಸೂಕ್ಷ್ಮ ಕೊಳವೆಯ ಮೂಲಕ ತನ್ನ ಪ್ರೋಟೀನ್‌ಗಳನ್ನು ಕೋಶದೊಳಗೆ ತಳ್ಳುತ್ತದೆ. ಈ ಏರ್ಪಾಟಿಗೆ ಟೈಪ್-3 ಸ್ರವಿಕೆ ವ್ಯವಸ್ಥೆ ಎಂದೂ, ಒಳಹೋಗುವ ಪ್ರೋಟೀನ್‌ಗಳಿಗೆ ಎಫೆಕ್ಟರ್ ಎಂದೂ ಹೆಸರು. ಕೆಲವು ಎಫೆಕ್ಟರ್‌ಗಳು ಗಿಡದ ರಕ್ಷಣೆಯನ್ನು ಕುಗ್ಗಿಸುತ್ತವೆ. ಎವಿಆರ್‌ಬಿಎಸ್3 ಎಂಬುದು ಕೋಶಕೇಂದ್ರಕ್ಕೇ ಹೋಗಿ ಗಿಡದ ಜೀನ್‌ಗಳನ್ನು ಚಾಲೂ ಮಾಡುತ್ತದೆ.

ಬ್ಯಾಕ್ಟೀರಿಯಾದಲ್ಲಿ ಸಾವಿರಾರು ಬಗೆಯ ಪ್ರೋಟೀನ್‌ಗಳಿವೆ. ಯಾವುದು ಹೊರಗೆ ಹೋಗಬೇಕೆಂದು ಕೊಳವೆಗೆ ಹೇಗೆ ತಿಳಿಯುತ್ತದೆ? ಇಲ್ಲಿ ಎಚ್‌ಪಿಎಬಿ ಎಂಬ ಸಹಾಯಕ ಪ್ರೋಟೀನ್ ಕೆಲಸ ಮಾಡುತ್ತದೆ. ಮಾರುಕಟ್ಟೆಯಲ್ಲಿ ಹಮಾಲರು ಸರಿಯಾದ ಚೀಲ ಹೊತ್ತು ಲಾರಿಗೆ ಹಾಕಿ ಹಿಂತಿರುಗುವುದಿಲ್ಲವೇ? ಹಾಗೆಯೇ ಇದು ಎಫೆಕ್ಟರ್‌ಗೆ ಅಂಟಿಕೊಂಡು ಕೊಳವೆಯ ಬುಡಕ್ಕೆ ತರುತ್ತದೆ. ಅಲ್ಲಿ ಎಚ್‌ಆರ್‌ಸಿಎನ್ ಎಂಬ ಕಿಣ್ವ ಎಟಿಪಿ ಶಕ್ತಿಯಿಂದ ಎರಡನ್ನೂ ಬೇರ್ಪಡಿಸುತ್ತದೆ. ಎಫೆಕ್ಟರ್ ಹೊರಡುತ್ತದೆ, ಹಮಾಲ ಒಳಗೇ ಉಳಿಯುತ್ತಾನೆ.

2004ರಲ್ಲಿ ಜರ್ಮನಿಯ ಹಾಲೆ ನಗರದ ವಿಜ್ಞಾನಿಗಳಾದ ಡಾನಿಯೆಲಾ ಬ್ಯೂಟ್ನರ್, ಉಲ್ಲಾ ಬೋನಾಸ್ ಮತ್ತು ಸಂಗಡಿಗರು ಎಚ್‌ಪಿಎಬಿಯ ಪಾತ್ರವನ್ನು ಪ್ರಕಟಿಸಿದರು. ಅವರು ಬಳಸಿದ್ದು ಮೆಣಸಿನ ಇದೇ ಚುಕ್ಕೆರೋಗದ ಬ್ಯಾಕ್ಟೀರಿಯಾ. ಎಚ್‌ಪಿಎಬಿ ಜೀನನ್ನು ತೆಗೆದಾಗ ಕೊಳವೆ ಹಾಗೇ ಇತ್ತು, ಎಫೆಕ್ಟರ್‌ಗಳ ಸಾಗಣೆ ಮಾತ್ರ ತೀರಾ ಕುಸಿಯಿತು. ಗಿಡಕ್ಕೆ ರೋಗ ಬರಲಿಲ್ಲ.

ನಮ್ಮ ಪಠ್ಯದಲ್ಲಿರುವ ಟೈಫಾಯ್ಡ್‌ನ ಸಾಲ್ಮೊನೆಲ್ಲಾದಲ್ಲೂ ಇಂತಹ ಸಹಾಯಕ ಪ್ರೋಟೀನ್‌ಗಳಿವೆ. ಔಷಧಿ ಹೆಚ್ಚಾದಷ್ಟೂ ಬ್ಯಾಕ್ಟೀರಿಯಾಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ. ಆದ್ದರಿಂದ ಅವನ್ನು ಕೊಲ್ಲುವ ಬದಲು ಸಾಗಣೆಯನ್ನೇ ತಡೆಯುವ ದಾರಿಯನ್ನು ವಿಜ್ಞಾನಿಗಳು ಹುಡುಕುತ್ತಿದ್ದಾರೆ.

ಆ ಔಷಧಿ ಬರುವವರೆಗೆ ರೋಗವಿಲ್ಲದ ಬೀಜ, ಬೆಳೆ ಬದಲಾವಣೆ, ಎಲೆ ತೊಯ್ಯದಂತೆ ನೀರು ಹಾಯಿಸುವುದು ನಮ್ಮ ಕೈಯಲ್ಲಿವೆ. ಈ ವರ್ಷ ಅಬ್ಬಾ ಔಷಧಿ ಅಂಗಡಿಗೆ ಹೋಗುವ ಮೊದಲು ಚುಕ್ಕೆ ಬಿದ್ದ ಎಲೆಯನ್ನು ಕೃಷಿ ಅಧಿಕಾರಿಗೆ ತೋರಿಸುತ್ತೇನೆ ಎಂದಿದ್ದಾರೆ. ನಿಮ್ಮ ಮನೆಯಲ್ಲೂ ಹೇಳಿ.