ಸೊಂಟದ ಕೀಲು: ಸಿಮೆಂಟ್ ಬೇಕೇ, ಬೇಡವೇ?

ಸೊಂಟದ ಕೀಲು ಬದಲಿಸಬೇಕು ಎಂದ ಕೂಡಲೇ ಮನೆಮಂದಿ ವಿಚಾರಿಸುವುದು ಕಂಪನಿ ಯಾವುದು, ಖರ್ಚೆಷ್ಟು ಎಂದು. ಕೀಲನ್ನು ಮೂಳೆಗೆ ಹೇಗೆ ಕೂರಿಸುತ್ತಾರೆ ಎಂಬುದನ್ನೂ ಕೇಳಬೇಕು. ಬಾಳಿಕೆ ಅದನ್ನೂ ಅವಲಂಬಿಸಿದೆ.

1. ವಿಧಾನಗಳನ್ನು ತಿಳಿಯಿರಿ

ಸೊಂಟದ ಮೂಳೆಯಲ್ಲಿ ಕೂರುವ ಬಟ್ಟಲು, ತೊಡೆಮೂಳೆಯೊಳಗೆ ಇಳಿಯುವ ಸ್ಟೆಮ್, ಅದರ ತುದಿಯ ಗುಂಡು ಹೊಸ ಕೀಲಿನ ಮುಖ್ಯ ಭಾಗಗಳು.

ಸಿಮೆಂಟ್ ಹಾಕಿ: 1960ರ ದಶಕದಲ್ಲಿ ಇಂಗ್ಲೆಂಡಿನ ಸರ್ಜನ್ ಜಾನ್ ಚಾರ್ನ್ಲಿ ಬಳಕೆಗೆ ತಂದ ಪದ್ಧತಿ. ಈ ಸಿಮೆಂಟಿನ ಪುಡಿ, ದ್ರವ ಎರಡನ್ನೂ ಆಪರೇಷನ್ ಥಿಯೇಟರಿನಲ್ಲೇ ಕಲಸುತ್ತಾರೆ. ಘಾಟು ವಾಸನೆಯ ಆ ಮಿಶ್ರಣ ಕಣಕದ ಹದಕ್ಕೆ ಬಂದು, ಬಿಸಿಯೇರುತ್ತ ಹತ್ತು-ಹದಿನೈದು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಸಂದು ತುಂಬಿ ಸ್ಟೆಮ್ಮನ್ನು ಬಿಗಿಹಿಡಿಯುವುದು ಅದರ ಕೆಲಸ.

ಸಿಮೆಂಟಿಲ್ಲದೆ: ಒರಟು ಮೇಲ್ಮೈಯ ಟೈಟಾನಿಯಂ ಭಾಗವನ್ನು ಬಡಿದು ಬಿಗಿಯಾಗಿ ಕೂರಿಸುತ್ತಾರೆ. ಮುಂದಿನ ವಾರ, ತಿಂಗಳುಗಳಲ್ಲಿ ಮೂಳೆಯೇ ಬೆಳೆದು ಅದನ್ನು ಹಿಡಿದುಕೊಳ್ಳುತ್ತದೆ.

ಹೈಬ್ರಿಡ್: ಸ್ಟೆಮ್‌ಗೆ ಸಿಮೆಂಟ್, ಬಟ್ಟಲಿಗೆ ಇಲ್ಲ.

2. ವಯಸ್ಸು, ಮೂಳೆ ನೋಡಿ ನಿರ್ಧರಿಸಿ

ಎಪ್ಪತ್ತೈದು ದಾಟಿದವರ, ಮೂಳೆ ಟೊಳ್ಳಾದವರ ತೊಡೆಮೂಳೆ ಸ್ಟೆಮ್ ಬಡಿಯುವಾಗಲೋ ನಂತರವೋ ಬಿರುಕು ಬಿಡುವ ಭಯವಿದೆ. ಇವರಿಗೆ ಸಾಮಾನ್ಯವಾಗಿ ಸಿಮೆಂಟ್ ಹಾಕಿದ ಸ್ಟೆಮ್ ಸುರಕ್ಷಿತ. ಆದರೆ ಸಿಮೆಂಟ್ ತುಂಬುವ ಹೊತ್ತಿಗೆ ಕೆಲವರ ಬಿಪಿ ದಿಢೀರನೆ ಇಳಿಯಬಹುದು. ಹೃದಯ, ಶ್ವಾಸಕೋಶದ ತೊಂದರೆಯಿದ್ದರೆ ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಿ. ಗಟ್ಟಿ ಮೂಳೆಯ ಕಿರಿಯರಿಗೆ ಸಾಮಾನ್ಯವಾಗಿ ಸಿಮೆಂಟಿಲ್ಲದ ಕೀಲನ್ನೇ ಆರಿಸುತ್ತಾರೆ.

3. ಬಾಳಿಕೆಯ ಲೆಕ್ಕ ಕೇಳಿ

ಎರಡು ದೇಶಗಳ ದಾಖಲೆ ಒಟ್ಟುಗೂಡಿಸಿ 2019ರಲ್ಲಿ 'ಲ್ಯಾನ್ಸೆಟ್' ಪ್ರಕಟಿಸಿದ ಅಧ್ಯಯನದ ಪ್ರಕಾರ, ನೂರರಲ್ಲಿ ಸುಮಾರು 89 ಕೀಲುಗಳು 15 ವರ್ಷ, 70 ಕೀಲುಗಳು 20 ವರ್ಷ, 58 ಕೀಲುಗಳು 25 ವರ್ಷ ಬಾಳಿವೆ. ಇವೆಲ್ಲ ಹಳೆಯ ಕಾಲದ ಕೀಲುಗಳು. ಬಟ್ಟಲಿನ ಪ್ಲಾಸ್ಟಿಕ್ ಸವೆದು ಉದುರುವ ಕಣಗಳಿಗೆ ದೇಹ ತೋರುವ ಪ್ರತಿಕ್ರಿಯೆಯಿಂದ ಸುತ್ತಲಿನ ಮೂಳೆ ಕರಗಿ, ಕೀಲು ಸಡಿಲವಾಗುತ್ತಿತ್ತು. ಈಗಿನ ಪ್ಲಾಸ್ಟಿಕ್ ಬಹಳ ಕಡಿಮೆ ಸವೆಯುತ್ತದೆ.

ವೈದ್ಯರನ್ನು ಹೀಗೆ ಕೇಳಿ: ನನ್ನ ಮೂಳೆಗೆ ಯಾವ ವಿಧಾನ, ಏಕೆ? ಇದೇ ಮಾದರಿ ಕನಿಷ್ಠ ಹತ್ತು ವರ್ಷ ಬಾಳಿದ ದಾಖಲೆ ಇದೆಯೇ? ಈ ವಿಧಾನ ನಿಮಗೆ ರೂಢಿಯೇ? ಹೊಸ ಮಾದರಿ, ಹೆಚ್ಚು ಬೆಲೆ ಎಂಬುದಷ್ಟೇ ಬಾಳಿಕೆಗೆ ಖಾತರಿಯಲ್ಲ.

4. ಸ್ಟಿಕ್ಕರ್ ಜೋಪಾನ ಮಾಡಿ

ಕೀಲಿನ ಡಬ್ಬಿಯ ಮೇಲಿನ ಸ್ಟಿಕ್ಕರಿನಲ್ಲಿ ಕಂಪನಿ, ಅಳತೆ, ಬ್ಯಾಚ್ ನಂಬರ್ ಇರುತ್ತದೆ. ಡಿಸ್ಚಾರ್ಜ್ ಹೊತ್ತಿಗೆ ಅದರ ಪ್ರತಿ ಕೇಳಿ ಪಡೆಯಿರಿ. ಮುಂದೆ ಕೀಲಿನ ಒಂದು ಭಾಗ ಮಾತ್ರ ಬದಲಿಸಬೇಕಾದರೆ ಸರ್ಜನ್‌ಗೆ ಬೇಕಾಗುವ ಮಾಹಿತಿ ಇದೇ.

5. ನೋವಿಲ್ಲದಿದ್ದರೂ ತೋರಿಸಿ

ಮೂಳೆ ಕರಗುವಿಕೆ ನೋವಿಲ್ಲದೆಯೂ ಸಾಗಬಹುದು. ವೈದ್ಯರು ಹೇಳಿದ ಸಮಯಕ್ಕೆ ಎಕ್ಸ್-ರೇ ತೆಗೆಸಿ. ಎದ್ದು ಮೊದಲ ಹೆಜ್ಜೆ ಇಡುವಾಗ ತೊಡೆಯಲ್ಲಿ ಹೊಸದಾಗಿ ನೋವು, ತೊಡೆಸಂದಿಯಲ್ಲಿ ಚುಚ್ಚುವಿಕೆ, ಕಾಲು ಗಿಡ್ಡವಾದ ಅನುಭವ ಇದ್ದರೆ ಮುಂದಿನ ತಪಾಸಣೆಗೆ ಕಾಯದೆ ತೋರಿಸಿ. ಜ್ವರ ಬಂದು ಗಾಯ ಸೋರತೊಡಗಿದರೆ ಅಂದೇ ಆಸ್ಪತ್ರೆಗೆ ಹೋಗಿ.